ಶ್ವೇತ ಕುಬ್ಜಗಳ ಸುತ್ತ ದೈತ್ಯ ಗ್ರಹ: ಹುಡುಕುವವರಿಗೊಂದು ಕೈಪಿಡಿ

ಡ್ರೇಕೋ ನಕ್ಷತ್ರಪುಂಜದಲ್ಲಿ, ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿ, ಡಬ್ಲ್ಯೂಡಿ 1856+534 ಎಂಬ ಮಂದ ನಕ್ಷತ್ರವಿದೆ. ಸುಮಾರು 34 ಗಂಟೆಗಳಿಗೊಮ್ಮೆ ಅದರ ಬೆಳಕು ಅರ್ಧಕ್ಕಿಂತ ಕೆಳಗೆ ಕುಸಿಯುತ್ತದೆ. ಎಂಟು ನಿಮಿಷ ಕಳೆಯುವಷ್ಟರಲ್ಲಿ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಹೆಚ್ಚುಕಡಿಮೆ ಗುರುವಿನ ಗಾತ್ರದ ಗ್ರಹವೊಂದು, ಭೂಮಿಗಿಂತ ತುಸು ದೊಡ್ಡದಾದ ಒಂದು ಶ್ವೇತ ಕುಬ್ಜದ (ಇಂಧನ ತೀರಿದ ನಕ್ಷತ್ರದ ಉಳಿದ ತಿರುಳಿನ) ಮುಂದೆ ಹಾದುಹೋಗುವುದೇ ಇದಕ್ಕೆ ಕಾರಣ. ಕಡಲೆಕಾಳಿನ ಮುಂದೆ ಕಿತ್ತಳೆ ಹಣ್ಣು ಸರಿದಂತೆ. ಆಂಡ್ರ್ಯೂ ವ್ಯಾಂಡರ್‌ಬರ್ಗ್ ಮತ್ತು ಸಂಗಡಿಗರು 2020ರ ಸೆಪ್ಟೆಂಬರ್‌ನಲ್ಲಿ ಇದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಂಥ ಗ್ರಹ ಹಾದರೆ ಬೆಳಕು ಶೇಕಡಾ 1ರಷ್ಟು ತಗ್ಗುತ್ತದೆ. ಇಲ್ಲಿ ತಗ್ಗುವುದು ಶೇಕಡಾ 56.

ಇಷ್ಟು ದೊಡ್ಡ ಕುಸಿತವಿದ್ದರೆ ಹುಡುಕುವುದು ಸುಲಭ ಎಂದು ಹೊಸಬರು ಭಾವಿಸುತ್ತಾರೆ. ಕುಸಿತವನ್ನು ಕಾಣುವುದು ನಿಜಕ್ಕೂ ಕಷ್ಟವಲ್ಲ. ಕಂಡದ್ದು ಗ್ರಹವಲ್ಲದೆ ಬೇರೇನೂ ಅಲ್ಲ ಎಂದು ತೋರಿಸುವುದರಲ್ಲೇ ಈ ಕೆಲಸದ ಮುಕ್ಕಾಲು ಪಾಲು ಹೋಗುತ್ತದೆ. ಈ ಕೈಪಿಡಿಯಲ್ಲಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ. ಬೇಕಾಗುವುದು ಒಂದು ಸಾಧಾರಣ ಕಂಪ್ಯೂಟರ್, ಇಂಟರ್ನೆಟ್, ಪೈಥಾನ್‌ನ ಪ್ರಾಥಮಿಕ ಪರಿಚಯ ಮತ್ತು ತಾಳ್ಮೆ. ದೂರದರ್ಶಕ ಆಮೇಲೆ ಬಂದರೂ ಸಾಕು. ಮುಖ್ಯವಾದ ದತ್ತಾಂಶಗಳೆಲ್ಲ ಉಚಿತವಾಗಿ ಸಿಗುತ್ತವೆ.

ಮೊದಲು ತಿಳಿಯಬೇಕಾದ್ದು

ಸೂರ್ಯನ ಸುಮಾರು ಎಂಟು ಪಟ್ಟಿಗಿಂತ ಕಡಿಮೆ ದ್ರವ್ಯರಾಶಿಯ ನಕ್ಷತ್ರಗಳು ಇಂಧನ ತೀರಿದ ಮೇಲೆ ಕೆಂಪು ದೈತ್ಯಗಳಾಗಿ ಉಬ್ಬಿ, ಹೊರಪದರಗಳನ್ನು ಕಳಚಿಕೊಂಡು, ಒಳತಿರುಳನ್ನಷ್ಟೇ ಉಳಿಸಿಕೊಳ್ಳುತ್ತವೆ. ಆ ತಿರುಳೇ ಶ್ವೇತ ಕುಬ್ಜ. ಸಾಮಾನ್ಯವಾಗಿ ಅದರ ದ್ರವ್ಯರಾಶಿ ಸೂರ್ಯನ 0.6 ಪಾಲು, ಮೇಲ್ಮೈಯ ಗುರುತ್ವ ಭೂಮಿಯದರ ಲಕ್ಷ ಪಟ್ಟು. 1930ರಲ್ಲಿ ಬಾಂಬೆಯಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟ ಸುಬ್ರಹ್ಮಣ್ಯನ್ ಚಂದ್ರಶೇಖರ್ ಪ್ರಯಾಣದಲ್ಲೇ ಲೆಕ್ಕ ಹಾಕತೊಡಗಿದ್ದು ಇಂಥ ನಕ್ಷತ್ರ ಎಷ್ಟು ಭಾರವನ್ನು ತಾಳಬಲ್ಲದು ಎಂಬುದನ್ನೇ. ಸೂರ್ಯನ ಸುಮಾರು 1.4 ಪಟ್ಟು ಎಂಬ ಆ ಮಿತಿ ಇಂದಿಗೂ ಅವರ ಹೆಸರಿನಲ್ಲಿದೆ.

ಕೆಂಪು ದೈತ್ಯವಾಗಿ ಉಬ್ಬುವಾಗ ನಕ್ಷತ್ರ ತನ್ನ ಹತ್ತಿರದ ಗ್ರಹಗಳನ್ನು ನುಂಗಿಬಿಡುತ್ತದೆ. ದೂರದ ಗ್ರಹಗಳ ಕಥೆ ಬೇರೆ. ನಕ್ಷತ್ರ ತೂಕ ಕಳೆದುಕೊಂಡಂತೆ ಅದರ ಹಿಡಿತ ಸಡಿಲಗೊಂಡು ಅವು ಇನ್ನೂ ಹೊರಗೆ ಸರಿಯುತ್ತವೆ. ನಮ್ಮ ಸೂರ್ಯನ ಸರದಿ ಬಂದಾಗ ಗುರುವಿನ ಕಕ್ಷೆ ಈಗಿನದರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಅಂದಾಜು. ಅಂದರೆ ದೈತ್ಯ ಗ್ರಹಗಳನ್ನು ನಿರೀಕ್ಷಿಸಬೇಕಾದದ್ದು ದೂರದಲ್ಲಿ, ಹಲವು ಖಗೋಳಮಾನಗಳಾಚೆ (ಒಂದು ಖಗೋಳಮಾನ ಎಂದರೆ ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರ). ಹಾಗಿದ್ದರೂ ಡಬ್ಲ್ಯೂಡಿ 1856ರ ಗ್ರಹ ತನ್ನ ನಕ್ಷತ್ರದಿಂದ ಬರೀ 30 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅದು ಹುಟ್ಟಿದಾಗಿನಿಂದ ಅಲ್ಲೇ ಇದ್ದಿರಲಾರದು. ದೂರದ ಜೊತೆ ನಕ್ಷತ್ರಗಳ ಸೆಳೆತಕ್ಕೆ ಸಿಕ್ಕಿ ಆಮೇಲೆ ಒಳಗೆ ಬಂದಿರಬಹುದು ಎಂದು ಕೆಲವರು ವಾದಿಸುತ್ತಾರೆ. ನಕ್ಷತ್ರದ ಉಬ್ಬಿದ ಹೊರಪದರದೊಳಗೇ ಸುತ್ತುತ್ತಾ ಬಂದು ಬದುಕುಳಿಯಿತು ಎನ್ನುವವರೂ ಇದ್ದಾರೆ. ಇತ್ಯರ್ಥಕ್ಕೆ ಇಂಥ ಇನ್ನಷ್ಟು ಗ್ರಹಗಳು ಸಿಗಬೇಕು, ಹುಡುಕಾಟದ ಆಸಕ್ತಿಯೂ ಅಲ್ಲೇ ಇದೆ.

ಹೀಗಾಗಿ ಹುಡುಕಾಟಕ್ಕೆ ಎರಡು ದಾರಿ. ಹತ್ತಿರದ ಗ್ರಹಗಳಿಗೆ ಸಂಕ್ರಮಣ, ಅಂದರೆ ಗ್ರಹ ನಕ್ಷತ್ರದ ಮುಂದೆ ಹಾದು ಬೆಳಕು ತಗ್ಗುವುದು; ದೂರದವಕ್ಕೆ ಅವಕೆಂಪು ಬೆಳಕು, ಅಂದರೆ ಶಾಖದ ರೂಪದ ಕಣ್ಣಿಗೆ ಕಾಣದ ಬೆಳಕು. ಮನೆಯಲ್ಲೇ ಕುಳಿತು ನಡೆಯಬಹುದಾದದ್ದು ಮೊದಲನೆಯದು.

ಹೆಜ್ಜೆ 1: ನಕ್ಷತ್ರಗಳ ಪಟ್ಟಿ

ನಕ್ಷತ್ರಗಳ ಸ್ಥಾನ ಮತ್ತು ದೂರವನ್ನು ಅಳೆದ ಯುರೋಪಿನ ಗಯಾ ಉಪಗ್ರಹದ ಮೂರನೆಯ ದತ್ತಾಂಶ ಬಿಡುಗಡೆಯಿಂದ ಆರಂಭಿಸಿ. ಇದನ್ನು ಬಳಸಿ ತಯಾರಿಸಿದ ಸಿದ್ಧಪಟ್ಟಿಯೊಂದು 2021ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಶ್ವೇತ ಕುಬ್ಜಗಳೆಂದು ಹೆಚ್ಚಿನ ವಿಶ್ವಾಸದಿಂದ ಹೇಳಬಹುದಾದವು ಸುಮಾರು 3,59,000 ಇವೆ. ಆದರೂ ಪಟ್ಟಿಯನ್ನು ಒಮ್ಮೆ ನೀವೇ ಮಾಡಿ ನೋಡಿ. ಯಾವ ಜರಡಿ (ಫಿಲ್ಟರ್) ಏನನ್ನು ಹೊರಹಾಕುತ್ತದೆ ಎಂಬುದು ಆಗ ಮಾತ್ರ ಅರ್ಥವಾಗುತ್ತದೆ.

ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಆಕಾಶದಲ್ಲಿ ಸರಿದಂತೆ ಕಾಣುವ ಸಣ್ಣ ಕೋನ; ನಕ್ಷತ್ರ ಹತ್ತಿರವಾದಷ್ಟೂ ದೊಡ್ಡದು) 10 ಮಿಲಿ ಆರ್ಕ್‌ಸೆಕೆಂಡ್‌ಗಿಂತ ಹೆಚ್ಚಿರುವ, ಅಂದರೆ 326 ಜ್ಯೋತಿರ್ವರ್ಷಗಳೊಳಗಿನ ನಕ್ಷತ್ರಗಳನ್ನು ಕೇಳಿ. ಪ್ಯಾರಲಾಕ್ಸ್ ಅದರ ದೋಷಕ್ಕಿಂತ ಹತ್ತು ಪಟ್ಟಾದರೂ ದೊಡ್ಡದಿರಲಿ. ನಂತರ ಪ್ರತಿಯೊಂದರ ನಿರಪೇಕ್ಷ ಕಾಂತಿಮಾನ, ಅಂದರೆ ದೂರದ ಪರಿಣಾಮ ಕಳೆದ ನಿಜವಾದ ಹೊಳಪಿನ ಅಳತೆ (ಸಂಖ್ಯೆ ದೊಡ್ಡದಾದಷ್ಟೂ ಮಂಕು) ತೆಗೆಯಿರಿ: ತೋರುವ ಕಾಂತಿಮಾನಕ್ಕೆ ಪ್ಯಾರಲಾಕ್ಸ್‌ನ ಲಾಗ್‌ನ ಐದು ಪಟ್ಟನ್ನು ಕೂಡಿಸಿ 10 ಕಳೆಯುವುದು. ಡಬ್ಲ್ಯೂಡಿ 1856ರ ತೋರುವ ಕಾಂತಿಮಾನ ಸುಮಾರು 17, ಪ್ಯಾರಲಾಕ್ಸ್ ಸುಮಾರು 40 ಮಿಲಿ ಆರ್ಕ್‌ಸೆಕೆಂಡ್. ಲೆಕ್ಕ ಹಾಕಿದರೆ ನಿರಪೇಕ್ಷ ಕಾಂತಿಮಾನ 15ರ ಆಸುಪಾಸು ಬರುತ್ತದೆ. ಸೂರ್ಯನದು 5ಕ್ಕಿಂತ ಕಡಿಮೆ ಎಂಬುದನ್ನು ನೆನೆದರೆ ಈ ನಕ್ಷತ್ರ ಎಷ್ಟು ಮಂಕು ಎಂದು ತಿಳಿಯುತ್ತದೆ. ಕೊನೆಗೆ ಗಯಾದ ನೀಲಿ ಮತ್ತು ಕೆಂಪು ಕಾಂತಿಮಾನಗಳ ವ್ಯತ್ಯಾಸವನ್ನು ಐದರಿಂದ ಗುಣಿಸಿ 6 ಕೂಡಿಸಿ. ನಿರಪೇಕ್ಷ ಕಾಂತಿಮಾನ ಅದಕ್ಕಿಂತ ದೊಡ್ಡ ಸಂಖ್ಯೆಯಾಗಿದ್ದರೆ ನಕ್ಷತ್ರ ಶ್ವೇತ ಕುಬ್ಜಗಳ ಬೀದಿಯಲ್ಲಿದೆ ಎಂದುಕೊಳ್ಳಬಹುದು. ಇದು ಒರಟು ಗೆರೆ, ಆದರೆ ಸಾಮಾನ್ಯ ನಕ್ಷತ್ರಗಳನ್ನು ಹೊರಗಿಡಲು ಸಾಕು.

ಗಯಾ ದತ್ತಾಂಶದಲ್ಲಿ ರೂವಿ ಎಂಬ ಸಂಖ್ಯೆಯಿದೆ. ನಕ್ಷತ್ರದ ಚಲನೆ ಒಂಟಿ ನಕ್ಷತ್ರದ ಮಾದರಿಗೆ ಎಷ್ಟು ಹೊಂದುತ್ತದೆ ಎಂಬುದರ ಅಳತೆ ಇದು. 1.4 ಮೀರಿದವನ್ನು ಕೆಟ್ಟ ಅಳತೆಯೆಂದು ಬಿಟ್ಟುಬಿಡುವುದು ರೂಢಿ. ನಾನಾದರೆ ಅವನ್ನು ಅಳಿಸದೆ ಬೇರೆ ಕಡತದಲ್ಲಿ ಇಡುತ್ತೇನೆ. ಕಾಣದ ಸಂಗಾತಿಯೊಂದು ನಕ್ಷತ್ರವನ್ನು ಅಲುಗಿಸುತ್ತಿದ್ದರೂ ಈ ಸಂಖ್ಯೆ ಏರುತ್ತದೆ.

ಹೆಜ್ಜೆ 2: ಬೆಳಕಿನ ದಾಖಲೆ

2018ರ ಏಪ್ರಿಲ್‌ನಲ್ಲಿ ಉಡಾವಣೆಯಾದ ನಾಸಾದ ಟೆಸ್ ಉಪಗ್ರಹ ಆಕಾಶವನ್ನು ಸುಮಾರು 27 ದಿನಗಳ ಸೆಕ್ಟರ್‌ಗಳಾಗಿ ನೋಡುತ್ತಾ ಹೋಗುತ್ತದೆ. ಅದರ ದತ್ತಾಂಶವೆಲ್ಲ ಮಾಸ್ಟ್ ಎಂಬ ಸಂಗ್ರಹದಲ್ಲಿದೆ, ಪೈಥಾನ್‌ನ ಲೈಟ್‌ಕರ್ವ್ ಪೊಟ್ಟಣದಿಂದ ನೇರವಾಗಿ ಇಳಿಸಿಕೊಳ್ಳಬಹುದು. ಎಂಟು ನಿಮಿಷದ ಘಟನೆಗೆ ಎರಡು ನಿಮಿಷದ ಅಥವಾ 20 ಸೆಕೆಂಡಿನ ದಾಖಲೆಯೇ ಬೇಕು. ಆರಂಭದ ವರ್ಷಗಳ ಪೂರ್ಣಚಿತ್ರಗಳು 30 ನಿಮಿಷದವು. ಅವುಗಳಲ್ಲಿ ಇಡೀ ಸಂಕ್ರಮಣ ಒಂದೇ ಬಿಂದುವಿನೊಳಗೆ ಕರಗಿ, ಅರ್ಧ ಬೆಳಕು ಹೋದದ್ದು ಸಣ್ಣ ತಗ್ಗಿನಂತೆ ಕಾಣುತ್ತದೆ.

ಹೊಸ ನಕ್ಷತ್ರಕ್ಕೆ ಕೈ ಹಾಕುವ ಮುನ್ನ ಡಬ್ಲ್ಯೂಡಿ 1856ರ ದಾಖಲೆಯನ್ನೇ ಇಳಿಸಿಕೊಳ್ಳಿ. ಟೆಸ್ ಪಟ್ಟಿಯಲ್ಲಿ ಅದರ ಸಂಖ್ಯೆ 267574918. ಮುಂದಿನ ಹೆಜ್ಜೆಗಳನ್ನೆಲ್ಲ ಅದರ ಮೇಲೆ ಮಾಡಿ, 1.408 ದಿನದ ಅವಧಿ ತಾನಾಗಿ ಹೊರಬರುವವರೆಗೆ ನಿಮ್ಮ ವಿಧಾನವನ್ನು ನಂಬಬೇಡಿ.

ಟೆಸ್‌ನ ದೊಡ್ಡ ಕೊರತೆ ಅದರ ಪಿಕ್ಸೆಲ್. ಒಂದೊಂದೂ 21 ಆರ್ಕ್‌ಸೆಕೆಂಡ್ ಅಗಲ. ಡಬ್ಲ್ಯೂಡಿ 1856ರಿಂದ 43 ಆರ್ಕ್‌ಸೆಕೆಂಡ್ ದೂರದಲ್ಲಿ ಅದಕ್ಕೇ ಸೇರಿದ ಎರಡು ಕೆಂಪು ಕುಬ್ಜಗಳಿವೆ (ಸಣ್ಣ, ತಂಪಾದ ನಕ್ಷತ್ರಗಳು), ಅವುಗಳ ಬೆಳಕೂ ಇದರೊಳಗೆ ಬೆರೆಯುತ್ತದೆ. ಹಾಗಾಗಿ ಟೆಸ್ ತೋರಿಸುವ ಆಳವನ್ನು ಅಂತಿಮ ಎಂದುಕೊಳ್ಳಬಾರದು. ಸಂಸ್ಕರಿಸಿದ ಕಡತದಲ್ಲಿ ಈ ಬೆರಕೆಗೆ ತಿದ್ದುಪಡಿ ಮಾಡಿರುತ್ತಾರೆ, ಆದರೆ ಮಂದ ನಕ್ಷತ್ರಗಳಲ್ಲಿ ಆ ತಿದ್ದುಪಡಿಯ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ.

ಹೆಜ್ಜೆ 3: ಶುಚಿ ಮಾಡುವಾಗ ಗ್ರಹವನ್ನೇ ಎಸೆಯದಿರಿ

ಪಾಠದ ಉದಾಹರಣೆಗಳನ್ನು ಹಾಗೇ ನಕಲು ಮಾಡಿದರೆ ಶ್ವೇತ ಕುಬ್ಜದ ಗ್ರಹ ಎಂದಿಗೂ ಸಿಗದಂತೆ ಆಗುವುದು ಈ ಹೆಜ್ಜೆಯಲ್ಲಿ. ಬೆಳಕಿನ ದಾಖಲೆಯಲ್ಲಿ ಸರಾಸರಿಯಿಂದ ಬಹಳ ದೂರ ಬಿದ್ದ ಬಿಂದುಗಳನ್ನು ತೆಗೆದುಹಾಕುವುದು ವಾಡಿಕೆ. ಸಾಮಾನ್ಯ ನಕ್ಷತ್ರಗಳಲ್ಲಿ ಸಂಕ್ರಮಣ ಗಂಟೆಗಟ್ಟಲೆ ನಡೆಯುವುದರಿಂದ, ಆಳವೂ ಕಡಿಮೆಯಿರುವುದರಿಂದ ಇದು ತೊಂದರೆ ಮಾಡುವುದಿಲ್ಲ. ನಮ್ಮಲ್ಲಿ ಎಂಟು ನಿಮಿಷ ಎಂದರೆ ಎರಡು ನಿಮಿಷದ ದಾಖಲೆಯಲ್ಲಿ ನಾಲ್ಕೇ ಬಿಂದು. ನಾಲ್ಕೂ ಸರಾಸರಿಯಿಂದ ಆಳಕ್ಕೆ ಬಿದ್ದಿರುತ್ತವೆ, ಆದ್ದರಿಂದ ಪ್ರೋಗ್ರಾಂ ಅವನ್ನು ದೋಷವೆಂದೇ ತಿಳಿದು ಅಳಿಸುತ್ತದೆ. ಮೇಲಕ್ಕೆ ಜಿಗಿದ ಬಿಂದುಗಳನ್ನು ಮಾತ್ರ ತೆಗೆಯಿರಿ, ಕೆಳಕ್ಕೆ ಬಿದ್ದವನ್ನು ಮುಟ್ಟದಂತೆ ಮಿತಿಯನ್ನು ಅನಂತಕ್ಕೆ ಇಡಿ. ಲೈಟ್‌ಕರ್ವ್‌ನಲ್ಲಿ ಮೇಲಿನ ಮತ್ತು ಕೆಳಗಿನ ಮಿತಿಗಳನ್ನು ಬೇರೆ ಬೇರೆಯಾಗಿ ಕೊಡಲು ಅವಕಾಶವಿದೆ.

ನಿಧಾನದ ಏರಿಳಿತಗಳನ್ನು ಸಮತಟ್ಟು ಮಾಡುವಾಗ ಕಿಟಕಿಯ (ಒಮ್ಮೆಗೆ ಸರಾಸರಿ ತೆಗೆಯುವ ಕಾಲದ ತುಣುಕಿನ) ಅಗಲ ಕೆಲವು ಗಂಟೆಗಳಿರಲಿ. ಭೂಮಿ ಮತ್ತು ಚಂದ್ರರ ಚೆದುರಿದ ಬೆಳಕು ಕ್ಯಾಮೆರಾಕ್ಕೆ ನುಗ್ಗಿದ ಅವಧಿಗಳನ್ನು ಕಡತದಲ್ಲಿರುವ ಗುಣಮಟ್ಟದ ಗುರುತುಗಳ ಸಹಾಯದಿಂದ ತೆಗೆಯಿರಿ. ಹಿನ್ನೆಲೆಯ ಬೆಳಕನ್ನೂ ಪಕ್ಕದಲ್ಲೇ ಚಿತ್ರಿಸಿಕೊಂಡರೆ ಅನೇಕ ಸುಳ್ಳು ಕುಸಿತಗಳು ಅಲ್ಲೇ ಬಯಲಾಗುತ್ತವೆ.

ಹೆಜ್ಜೆ 4: ಅವಧಿಯ ಹುಡುಕಾಟ

ಪೈಥಾನ್‌ನ ಆಸ್ಟ್ರೋಪೈ ಪೊಟ್ಟಣದಲ್ಲಿರುವ, ನಿಯಮಿತವಾಗಿ ಮರಳುವ ಪೆಟ್ಟಿಗೆಯಾಕಾರದ ಕುಸಿತಗಳನ್ನು ಹುಡುಕುವ ಬಾಕ್ಸ್ ಲೀಸ್ಟ್ ಸ್ಕ್ವೇರ್ಸ್ ವಿಧಾನ ಇದಕ್ಕೆ ಒಗ್ಗುತ್ತದೆ. ಸಂಕ್ರಮಣದ ಉದ್ದವನ್ನು 2ರಿಂದ 20 ನಿಮಿಷದ ನಡುವೆ ಕೊಡಿ. ಡಬ್ಲ್ಯೂಡಿ 1856ರ ಗ್ರಹ ಸೆಕೆಂಡಿಗೆ ಸುಮಾರು 158 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅದು ನಕ್ಷತ್ರದ ನಟ್ಟನಡುವೆ ಹಾದಿದ್ದರೆ ಸಂಕ್ರಮಣ ಕಾಲು ಗಂಟೆ ಹಿಡಿಯುತ್ತಿತ್ತು. ಅಂಚನ್ನು ಸವರಿಕೊಂಡು ಹೋಗುವುದರಿಂದ ಎಂಟು ನಿಮಿಷಕ್ಕೆ ಮುಗಿಯುತ್ತದೆ, ಇಷ್ಟು ದೊಡ್ಡ ಗ್ರಹವಾದರೂ ನಕ್ಷತ್ರವನ್ನು ಪೂರ್ತಿ ಮುಚ್ಚದೆ ಉಳಿಯುವುದೂ ಅದೇ ಕಾರಣಕ್ಕೆ.

ಅವಧಿಯ ಕೆಳಮಿತಿಯನ್ನು ಭೌತಶಾಸ್ತ್ರವೇ ಕೊಡುತ್ತದೆ. ತೀರಾ ಹತ್ತಿರ ಹೋದ ಗ್ರಹವನ್ನು ನಕ್ಷತ್ರದ ಗುರುತ್ವ ಹರಿದುಹಾಕುತ್ತದೆ. ಗುರುವಿನ ಸಾಂದ್ರತೆಯ ಗ್ರಹಕ್ಕೆ ಆ ಗಡಿ ಸುಮಾರು 11 ಗಂಟೆಯ ಅವಧಿ. ಅದಕ್ಕಿಂತ ಕಡಿಮೆ ಅವಧಿಯಲ್ಲಿ ಗುರುವಿನ ಗಾತ್ರದ ಏನಾದರೂ ಸುತ್ತುತ್ತಿದ್ದರೆ ಅದು ಗುರುವಿಗಿಂತ ಬಹಳ ಭಾರವಾದದ್ದು, ಬಹುಪಾಲು ಕಂದು ಕುಬ್ಜ (ಗ್ರಹಕ್ಕಿಂತ ಭಾರವಾದ, ಆದರೆ ನಕ್ಷತ್ರವಾಗುವಷ್ಟು ಭಾರವಿಲ್ಲದ ಕಾಯ) ಎಂದು ಆಗಲೇ ಅನುಮಾನಿಸಬಹುದು.

ಅವಧಿಗಳ ಜಾಲರಿ ಬಹಳ ನುಣುಪಾಗಿರಬೇಕು. ಒಂದು ಸೆಕ್ಟರ್‌ನಲ್ಲಿ ಡಬ್ಲ್ಯೂಡಿ 1856ರ ಗ್ರಹ 19 ಸುತ್ತು ಹಾಕುತ್ತದೆ. ಅವಧಿಯಲ್ಲಿ 25 ಸೆಕೆಂಡು ತಪ್ಪಿದರೆ ಕೊನೆಯ ಸಂಕ್ರಮಣ ಎಂಟು ನಿಮಿಷ ಆಚೆ ಹೋಗಿರುತ್ತದೆ, ಅಂದರೆ ಒಂದರ ಮೇಲೊಂದು ಕೂರುವುದೇ ಇಲ್ಲ. ವರ್ಷಗಳ ಅಂತರದ ಸೆಕ್ಟರ್‌ಗಳನ್ನು ಜೋಡಿಸಿದರೆ ಇನ್ನೂ ನುಣುಪು ಬೇಕು. ಕಂಪ್ಯೂಟರ್ ರಾತ್ರಿಯಿಡೀ ಓಡಿದರೂ ಓಡಲಿ, ಇಲ್ಲಿ ಸಮಯ ಉಳಿಸಲು ಹೋಗಬೇಡಿ.

ನಿರೀಕ್ಷೆಯನ್ನೂ ಅಳೆದುಕೊಳ್ಳಿ. ಡಬ್ಲ್ಯೂಡಿ 1856ರಷ್ಟೇ ಹತ್ತಿರ ಗ್ರಹವಿದ್ದರೂ ಅದರ ಕಕ್ಷೆ ನಮ್ಮ ಕಣ್ಣಿನ ನೇರಕ್ಕೆ ಬಂದು ಸಂಕ್ರಮಣ ಕಾಣುವ ಸಾಧ್ಯತೆ ನೂರಕ್ಕೆ ಎರಡೂವರೆಯಷ್ಟು. ಅಂಥ ನೂರು ಗ್ರಹಗಳಿದ್ದರೆ ತೊಂಬತ್ತೇಳು ನಮಗೆ ಈ ದಾರಿಯಲ್ಲಿ ಎಂದಿಗೂ ಕಾಣುವುದಿಲ್ಲ.

ಹೆಜ್ಜೆ 5: ವೇಷಧಾರಿಗಳನ್ನು ಬಯಲಿಗೆಳೆಯುವುದು

ನಿಯಮಿತವಾದ ಕುಸಿತ ಸಿಕ್ಕಿತು ಎಂದಿಟ್ಟುಕೊಳ್ಳಿ. ಈಗ ಅದು ಗ್ರಹವಲ್ಲ ಎಂದು ಸಾಧಿಸಲು ಪ್ರಾಮಾಣಿಕವಾಗಿ ಹೊರಡಿ.

ಮೊದಲು ನೋಡಬೇಕಾದ್ದು ಕುಸಿತ ಯಾವ ನಕ್ಷತ್ರದ್ದು ಎಂಬುದನ್ನು. ಪಿಕ್ಸೆಲ್ ಕಡತ ತೆರೆದು, ಕುಸಿತದ ಹೊತ್ತಿನ ಚಿತ್ರವನ್ನು ಅದರ ಮುಂಚಿನ ಚಿತ್ರದಿಂದ ಕಳೆಯಿರಿ. ವ್ಯತ್ಯಾಸ ನಿಮ್ಮ ನಕ್ಷತ್ರದ ಮೇಲೆಯೇ ಕೂತಿದೆಯೇ, ಪಕ್ಕದ ಪಿಕ್ಸೆಲ್‌ಗೆ ಸರಿದಿದೆಯೇ? ನೆರೆಯ ಗ್ರಹಣ ಜೋಡಿ ನಕ್ಷತ್ರವೊಂದರ ಬೆಳಕು ಒಳಗೆ ಸೋರಿದ್ದೇ ಕಾರಣವಾಗಿರುವುದು ತೀರಾ ಸಾಮಾನ್ಯ. ಅಮೆರಿಕದ ಪಾಲೊಮಾರ್ ವೀಕ್ಷಣಾಲಯದ ಜ್ವಿಕಿ ಆಕಾಶ ಸಮೀಕ್ಷೆಯ ಸಾರ್ವಜನಿಕ ದಾಖಲೆಗಳಲ್ಲಿ ಚಿತ್ರಗಳು ಬಹಳ ಚೂಪಾಗಿರುತ್ತವೆ, ಅದೇ ಅವಧಿಗೆ ಮಡಚಿ (ಎಲ್ಲ ಸುತ್ತುಗಳನ್ನು ಒಂದರ ಮೇಲೊಂದು ಇಟ್ಟು) ನೋಡಿದರೆ ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ. ಸಿಂಬಾಡ್ ದತ್ತಕೋಶದಲ್ಲಿ ಆ ನಕ್ಷತ್ರದ ಬಗ್ಗೆ ಈಗಾಗಲೇ ಏನು ಬರೆದಿದ್ದಾರೆ ಎಂಬುದನ್ನೂ ಓದಿ.

ಎರಡನೆಯದು ಆಕಾರ. 2015ರಲ್ಲಿ ವ್ಯಾಂಡರ್‌ಬರ್ಗ್ ತಂಡವೇ ವರದಿ ಮಾಡಿದ ಡಬ್ಲ್ಯೂಡಿ 1145+017 ನಕ್ಷತ್ರದಲ್ಲಿ ಸುಮಾರು ನಾಲ್ಕೂವರೆ ಗಂಟೆಗೊಮ್ಮೆ ಆಳವಾದ ಕುಸಿತಗಳು ಕಂಡವು. ಆದರೆ ಅವುಗಳ ಆಳ ಮತ್ತು ಆಕಾರ ಬದಲಾಗುತ್ತಿದ್ದವು. ಅಲ್ಲಿ ಸುತ್ತುತ್ತಿದ್ದುದು ಒಡೆದು ಪುಡಿಯಾಗುತ್ತಿರುವ ಕ್ಷುದ್ರಕಾಯಗಳು ಮತ್ತು ಅವುಗಳ ಧೂಳು. ಗ್ರಹದ ಕುಸಿತ ಪ್ರತಿ ಬಾರಿಯೂ ಒಂದೇ ಆಳ, ಒಂದೇ ಅಗಲ, ಎರಡೂ ಕಡೆ ಸಮನಾಗಿರುತ್ತದೆ. ಬೆಳಕು ಮೆಲ್ಲಗೆ ಅಲೆಯಂತೆ ಏರಿಳಿದರೆ ಅದು ಸಂಕ್ರಮಣವೇ ಅಲ್ಲ. ಕಾಂತೀಯ ಶ್ವೇತ ಕುಬ್ಜ ತಿರುಗುವಾಗ ಅದರ ಮೇಲಿನ ಕಲೆಗಳು ಎದುರಿಗೆ ಬಂದು ಹೋಗುತ್ತಿರಬಹುದು.

ಎರಡು ಶ್ವೇತ ಕುಬ್ಜಗಳು ಒಂದನ್ನೊಂದು ಮರೆಮಾಡುವುದೂ ಉಂಟು. 2010ರಲ್ಲಿ ಪತ್ತೆಯಾದ ಎನ್‌ಎಲ್‌ಟಿಟಿ 11748 ಅಂಥದ್ದು. ಅವಧಿ ಐದೂವರೆ ಗಂಟೆಯ ಆಸುಪಾಸು, ಗ್ರಹಣ ಸುಮಾರು ಮೂರು ನಿಮಿಷ. ಇಂಥಲ್ಲಿ ಅರ್ಧ ಸುತ್ತಿನ ನಂತರ ಇನ್ನೊಂದು ಕುಸಿತ ಇರಬೇಕು. ಸಂಗಾತಿ ಬಹಳ ಮಂದವಾಗಿದ್ದರೆ ಅದು ಕಣ್ಣಿಗೆ ಬೀಳದಷ್ಟು ಸಣ್ಣದಾಗಿರಬಹುದು, ಆದ್ದರಿಂದ ಎಲ್ಲ ಸುತ್ತುಗಳನ್ನೂ ಒಂದರ ಮೇಲೊಂದು ಮಡಚಿ ಆ ಜಾಗವನ್ನೇ ಗುರಿಯಿಟ್ಟು ನೋಡಿ.

ಎಲ್ಲಕ್ಕಿಂತ ಗಟ್ಟಿ ವೇಷಧಾರಿ ಕಂದು ಕುಬ್ಜ. ಪ್ರಕೃತಿಯ ಒಂದು ವಿಚಿತ್ರ ಇಲ್ಲಿ ನಮ್ಮ ಎದುರು ನಿಲ್ಲುತ್ತದೆ. ಗುರು, ಅದರ 50 ಪಟ್ಟು ಭಾರದ ಕಂದು ಕುಬ್ಜ, ಅತಿ ಸಣ್ಣ ಕೆಂಪು ಕುಬ್ಜ ಈ ಮೂರೂ ಹೆಚ್ಚುಕಡಿಮೆ ಒಂದೇ ಗಾತ್ರದವು. ಸಂಕ್ರಮಣ ತಿಳಿಸುವುದು ಗಾತ್ರವನ್ನು ಮಾತ್ರ, ತೂಕದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಜ್ವಿಕಿ ಸಮೀಕ್ಷೆಯಲ್ಲಿ 2021ರಲ್ಲಿ ಸಿಕ್ಕ ಜೆ0038+2030 ಎಂಬಲ್ಲಿ ಹತ್ತು ಗಂಟೆಗೊಮ್ಮೆ ಸುತ್ತುವುದು ಕಂದು ಕುಬ್ಜವೇ.

ಇದನ್ನು ಬಿಡಿಸಲು ಎರಡು ಪರೀಕ್ಷೆಗಳಿವೆ. ಒಂದು, ಬಣ್ಣದ ಪರೀಕ್ಷೆ. ಅದೇ ಸಂಕ್ರಮಣವನ್ನು ನೀಲಿ, ಕೆಂಪು ಮತ್ತು ಸಾಧ್ಯವಾದರೆ ಅವಕೆಂಪಿನಲ್ಲಿ ಅಳೆಯುವುದು. ಸಂಗಾತಿಗೆ ಸ್ವಂತ ಬೆಳಕಿದ್ದರೆ ಅದು ಕೆಂಪು ಮತ್ತು ಅವಕೆಂಪಿನಲ್ಲಿ ಹೆಚ್ಚು. ಮರೆಯಾಗುವುದು ನಕ್ಷತ್ರದ ಬೆಳಕು ಮಾತ್ರವಾದ್ದರಿಂದ ಆ ಬಣ್ಣಗಳಲ್ಲಿ ಕುಸಿತದ ಆಳ ಕಡಿಮೆಯಾಗುತ್ತದೆ. ಎಲ್ಲ ಬಣ್ಣಗಳಲ್ಲೂ ಆಳ ಒಂದೇ ಇದ್ದರೆ ಸಂಗಾತಿ ಕತ್ತಲು. ಡಬ್ಲ್ಯೂಡಿ 1856ರಲ್ಲಿ ಲಾ ಪಾಲ್ಮಾದ 10.4 ಮೀಟರ್ ದೂರದರ್ಶಕ ಗೋಚರ ಬೆಳಕಿನಲ್ಲಿ ಕಂಡ ಆಳವೂ, ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ 4.5 ಮೈಕ್ರಾನ್‌ನಲ್ಲಿ ಕಂಡ ಆಳವೂ ಒಂದೇ ಆಗಿತ್ತು. ಹಾಗಾಗಿಯೇ ಅದರ ದ್ರವ್ಯರಾಶಿ ಗುರುವಿನ ಸುಮಾರು 14 ಪಟ್ಟಿಗಿಂತ ಕಡಿಮೆ ಎಂದು ಹೇಳಲಾಯಿತು. ಸ್ಪಿಟ್ಜರ್ 2020ರ ಜನವರಿ ಕೊನೆಗೆ ನಿವೃತ್ತಿಯಾಯಿತು ಎಂಬುದನ್ನು ನೆನೆದರೆ ಆ ಅಳತೆ ಕೈತಪ್ಪಿ ಹೋಗುವುದರಲ್ಲಿತ್ತು ಎನಿಸುತ್ತದೆ. 2025ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಆ ಗ್ರಹದ ಸ್ವಂತ ಶಾಖವನ್ನೇ ಅಳೆಯಿತು. ಉಷ್ಣತೆ ಸುಮಾರು 186 ಕೆಲ್ವಿನ್, ದ್ರವ್ಯರಾಶಿ ಗುರುವಿನ ಆರು ಪಟ್ಟಿನೊಳಗೆ.

ಇನ್ನೊಂದು, ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಪರೀಕ್ಷೆ. ನಕ್ಷತ್ರ ಅಲುಗುವುದನ್ನು ರೋಹಿತದ ರೇಖೆಗಳ ಸರಿದಾಟದಿಂದ ಅಳೆಯುವುದು. ಶ್ವೇತ ಕುಬ್ಜದಲ್ಲಿ ಭಾರೀ ಒತ್ತಡದಿಂದ ರೇಖೆಗಳು ಹರಡಿಕೊಂಡಿರುತ್ತವೆ, ಕೆಲವದರಲ್ಲಿ ರೇಖೆಗಳೇ ಇರುವುದಿಲ್ಲ. ಗುರುವಿನ ತೂಕದ ಗ್ರಹ 34 ಗಂಟೆಗೊಮ್ಮೆ ಸುತ್ತಿದರೆ ನಕ್ಷತ್ರ ಅಲುಗುವುದು ಸೆಕೆಂಡಿಗೆ ಕಾಲು ಕಿಲೋಮೀಟರ್. ಅದನ್ನು ಹಿಡಿಯುವ ಆಸೆ ಬೇಡ. ಅದೇ ಸಂಗಾತಿ ಗುರುವಿನ 50 ಪಟ್ಟು ಭಾರವಿದ್ದರೆ ಅಲುಗಾಟ 13 ಕಿಲೋಮೀಟರ್ ಆಗುತ್ತದೆ, ಹೈಡ್ರೋಜನ್ ರೇಖೆ ಚೆನ್ನಾಗಿರುವ ನಕ್ಷತ್ರದಲ್ಲಿ ಇದು ಸಿಗುತ್ತದೆ. ಅಂದರೆ ರೋಹಿತ ಗ್ರಹವನ್ನು ಸಾಬೀತು ಮಾಡದಿದ್ದರೂ ಕಂದು ಕುಬ್ಜವನ್ನು ತಳ್ಳಿಹಾಕಲು ನೆರವಾಗುತ್ತದೆ.

ಹೆಜ್ಜೆ 6: ದೂರದರ್ಶಕದ ಹೊತ್ತು

ಕರ್ನಾಟಕದಿಂದ ಅಭ್ಯಾಸ ಮಾಡುವವರಿಗೆ ಡಬ್ಲ್ಯೂಡಿ 1856 ತಕ್ಕಮಟ್ಟಿಗೆ ಎಟುಕುತ್ತದೆ. ಬೆಂಗಳೂರಿನಿಂದ ಅದು ಉತ್ತರ ದಿಕ್ಕಿನಲ್ಲಿ ಹೆಚ್ಚೆಂದರೆ 49 ಡಿಗ್ರಿಗಳಷ್ಟು ಏರುತ್ತದೆ. ನಡುರಾತ್ರಿ ನೆತ್ತಿಯ ಗೆರೆಗೆ ಬರುವುದು ಜುಲೈ ಆರಂಭದಲ್ಲಿ, ಆಗ ಮಳೆಗಾಲ. ಏಪ್ರಿಲ್ ಮತ್ತು ಮೇ ತಿಂಗಳ ಬೆಳಗಿನ ಜಾವ ಅಥವಾ ಮಳೆ ಹಿಂದೆಗೆದ ಮೇಲೆ ಅಕ್ಟೋಬರ್‌ನ ಮುಸ್ಸಂಜೆ ಸೂಕ್ತ. 17ನೆಯ ಕಾಂತಿಮಾನದ ನಕ್ಷತ್ರಕ್ಕೆ ಸುಮಾರು 40 ಸೆಂಟಿಮೀಟರ್ ಕನ್ನಡಿ, ಬಣ್ಣದ ಫಿಲ್ಟರ್ ಇಲ್ಲದ ಕ್ಯಾಮೆರಾ, ಒಂದು ನಿಮಿಷದ ಎಕ್ಸ್‌ಪೋಷರ್ ಮತ್ತು ನಗರದ ಬೆಳಕಿನಿಂದ ದೂರದ ಜಾಗ ಬೇಕಾಗುತ್ತದೆ ಎಂಬುದು ನನ್ನ ಅಂದಾಜು. ಅರ್ಧ ಬೆಳಕು ಮಾಯವಾಗುವ ಘಟನೆಗೆ ಅತಿ ನಿಖರ ಅಳತೆಯೇನೂ ಬೇಡ.

ಸಮಯದ ಲೆಕ್ಕದಲ್ಲಿ ಮಾತ್ರ ರಿಯಾಯಿತಿಯಿಲ್ಲ. ಟೆಸ್‌ನ ಕಡತದಲ್ಲಿರುವುದು ಸೌರವ್ಯೂಹದ ಗುರುತ್ವ ಕೇಂದ್ರಕ್ಕೆ ತಿದ್ದಿದ ಸಮಯ. ಭೂಮಿ ತನ್ನ ಕಕ್ಷೆಯಲ್ಲಿ ಎಲ್ಲಿದೆ ಎಂಬುದರ ಮೇಲೆ ಬೆಳಕು ನಮ್ಮನ್ನು ಎಂಟು ನಿಮಿಷದವರೆಗೆ ಮುಂಚೆ ಅಥವಾ ತಡವಾಗಿ ತಲುಪಬಹುದು. ಅಷ್ಟೇ ಉದ್ದದ ಸಂಕ್ರಮಣವನ್ನು ಪೂರ್ತಿ ಕಳೆದುಕೊಳ್ಳಲು ಇದು ಸಾಕು. ಇದರ ಜೊತೆಗೆ ಆ ಸಮಯಮಾನಕ್ಕೂ ನಮ್ಮ ಗಡಿಯಾರದ ಜಾಗತಿಕ ಸಮಯಕ್ಕೂ 69 ಸೆಕೆಂಡುಗಳ ವ್ಯತ್ಯಾಸವಿದೆ. ಆಸ್ಟ್ರೋಪೈ ಎರಡನ್ನೂ ತಿದ್ದಿಕೊಡುತ್ತದೆ, ನೀವು ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಸರಿಯಾಗಿ ಕೊಟ್ಟರಾಯಿತು. ಕ್ಯಾಮೆರಾ ಜೋಡಿಸಿದ ಕಂಪ್ಯೂಟರಿನ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿಯೇ ಆರಂಭಿಸಿ.

ಹೊಸ ಅಭ್ಯರ್ಥಿಯ ರೋಹಿತಕ್ಕೆ ದೊಡ್ಡ ಕನ್ನಡಿ ಬೇಕು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ನಡೆಸುತ್ತದೆ, ಹೊಸಕೋಟೆಯ ಕೇಂದ್ರದಿಂದಲೇ ಅದನ್ನು ದೂರದಿಂದ ನಿಯಂತ್ರಿಸುತ್ತಾರೆ. ಹಿಮಾಲಯನ್ ಚಂದ್ರ ಎಂಬ ಅದರ ಹೆಸರಿನಲ್ಲಿರುವುದು ಅದೇ ಚಂದ್ರಶೇಖರ್. ನೈನಿತಾಲ್ ಬಳಿಯ ದೇವಸ್ಥಳದಲ್ಲಿ 3.6 ಮೀಟರ್‌ನದೂ ಇದೆ. ಇವುಗಳ ಸಮಯ ಸಿಗುವುದು ಪ್ರಸ್ತಾವ ಬರೆದು, ಪರಿಶೀಲನೆ ದಾಟಿದ ಮೇಲೆ. ವಿದ್ಯಾರ್ಥಿಗಳು ಹಿಂಜರಿಯದೆ ಸಂಶೋಧಕರೊಬ್ಬರ ಜೊತೆಗೂಡಿ ಪ್ರಸ್ತಾವ ಬರೆಯಬೇಕು. ಬಣ್ಣದ ಪರೀಕ್ಷೆಯಂಥ ಒಂದೇ ಒಂದು ಸ್ಪಷ್ಟ ಪ್ರಶ್ನೆ ಇಟ್ಟುಕೊಂಡು ಹೋದರೆ ಅದಕ್ಕೆ ತೂಕವಿರುತ್ತದೆ.

ದೂರದ ದೈತ್ಯಗಳಿಗೆ ಬೇರೆ ದಾರಿ

ಹಲವು ಖಗೋಳಮಾನ ದೂರದ ಗ್ರಹ ಸಂಕ್ರಮಣದಲ್ಲಿ ಸಿಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ನೆರವಾಗುವುದು ಗ್ರಹದ ಶಾಖ. 200 ಕೆಲ್ವಿನ್‌ನ ಗ್ರಹ ಅತಿ ಹೆಚ್ಚು ಹೊಳೆಯುವುದು 14 ಮೈಕ್ರಾನ್‌ನ ಆಸುಪಾಸು. ಆ ಅಲೆಯುದ್ದದಲ್ಲಿ ಪುಟ್ಟ ಶ್ವೇತ ಕುಬ್ಜ ತುಂಬ ಮಂಕು. ಸೂರ್ಯನಂಥ ನಕ್ಷತ್ರದ ಕಣ್ಣು ಕೋರೈಸುವ ಬೆಳಕು ಇಲ್ಲಿ ಅಡ್ಡಿಯಾಗುವುದಿಲ್ಲ. 2024ರಲ್ಲಿ ಸೂಸನ್ ಮುಲ್ಲಾಲಿ ಮತ್ತು ಸಂಗಡಿಗರು ಜೇಮ್ಸ್ ವೆಬ್‌ನ ಮಿರಿ ಕ್ಯಾಮೆರಾದಲ್ಲಿ ಡಬ್ಲ್ಯೂಡಿ 1202-232 ಮತ್ತು ಡಬ್ಲ್ಯೂಡಿ 2105-82 ನಕ್ಷತ್ರಗಳ ಪಕ್ಕದಲ್ಲಿ ಒಂದೊಂದು ಅಭ್ಯರ್ಥಿಯನ್ನು ಕಂಡರು. ಅವು ಗ್ರಹಗಳೇ ಆಗಿದ್ದರೆ ನಕ್ಷತ್ರದಿಂದ ಸುಮಾರು 11 ಮತ್ತು 35 ಖಗೋಳಮಾನ ದೂರದಲ್ಲಿವೆ. ಅಭ್ಯರ್ಥಿ ಎಂಬ ಪದವನ್ನು ಅವರು ಉದ್ದೇಶಪೂರ್ವಕವಾಗಿಯೇ ಬಳಸಿದ್ದಾರೆ, ಏಕೆಂದರೆ ಹಿನ್ನೆಲೆಯ ದೂರದ ಗ್ಯಾಲಕ್ಸಿಯೂ ಹಾಗೆಯೇ ಕಾಣಬಲ್ಲದು. ಕೆಲವು ವರ್ಷ ಬಿಟ್ಟು ಮತ್ತೆ ಚಿತ್ರ ತೆಗೆದಾಗ ಆ ಚುಕ್ಕೆ ನಕ್ಷತ್ರದ ಜೊತೆಗೇ ಆಕಾಶದಲ್ಲಿ ಸರಿದಿರಬೇಕು.

ಮನೆಯಲ್ಲೇ ಮಾಡಬಹುದಾದ ಕೆಲಸ ಇಲ್ಲಿಯೂ ಇದೆ. ಜೇಮ್ಸ್ ವೆಬ್‌ನ ಚಿತ್ರಗಳು ಮೀಸಲು ಅವಧಿ ಮುಗಿದ ಮೇಲೆ ಮಾಸ್ಟ್ ಸಂಗ್ರಹದಲ್ಲಿ ಎಲ್ಲರಿಗೂ ತೆರೆದುಕೊಳ್ಳುತ್ತವೆ. ಗಯಾ ಕೊಡುವ ಚಲನೆಯ ಲೆಕ್ಕದಿಂದ ನಕ್ಷತ್ರ ಮುಂದೆ ಎಲ್ಲಿರುತ್ತದೆ ಎಂದು ಗುರುತು ಹಾಕಿ, ಹಳೆಯ ಚಿತ್ರಗಳಲ್ಲಿ ಆ ಜಾಗದಲ್ಲಿ ಮೊದಲೇ ಏನಾದರೂ ಇತ್ತೇ ಎಂದು ಪರಿಶೀಲಿಸಬಹುದು. ಇಡೀ ಆಕಾಶವನ್ನು ಅವಕೆಂಪಿನಲ್ಲಿ ಸಮೀಕ್ಷಿಸಿದ ನಾಸಾದ ವೈಸ್ ಉಪಗ್ರಹದ ದಾಖಲೆಯಲ್ಲಿ ಅವಕೆಂಪು ಹೆಚ್ಚಳ ಕಂಡರೆ ಮಾತ್ರ ಅವಸರಪಡಬೇಡಿ. ಅದರ ಚಿತ್ರಗಳು ಸುಮಾರು 6 ಆರ್ಕ್‌ಸೆಕೆಂಡ್ ಮಸುಕು, ಪಕ್ಕದ ಗ್ಯಾಲಕ್ಸಿ ಸುಲಭವಾಗಿ ಬೆರೆಯುತ್ತದೆ. ಜಿ29-38 ಎಂಬ ಶ್ವೇತ ಕುಬ್ಜದ ಸುತ್ತ 1987ರಲ್ಲಿ ಕಂಡ ಹೆಚ್ಚಳವನ್ನು ಮೊದಲು ಕಂದು ಕುಬ್ಜವೆಂದು ಭಾವಿಸಲಾಗಿತ್ತು. ಅದು ಧೂಳಿನ ತಟ್ಟೆ ಎಂಬುದು ಆಮೇಲೆ ಗಟ್ಟಿಯಾಯಿತು.

ನಕ್ಷತ್ರದ ಅಲುಗಾಟವನ್ನು ಆಕಾಶದಲ್ಲೇ ಅಳೆಯುವ ದಾರಿಯೂ ತೆರೆಯಲಿದೆ. ಗಯಾದ ನಾಲ್ಕನೆಯ ಬಿಡುಗಡೆಯಲ್ಲಿ ಪ್ರತಿ ನಕ್ಷತ್ರದ ಬಿಡಿ ಬಿಡಿ ಅಳತೆಗಳು ಹೊರಬರಲಿವೆ. ಆದರೆ 2022ರಲ್ಲಿ ಡಬ್ಲ್ಯೂಡಿ 0141-675ರ ಸುತ್ತ ಗ್ರಹವಿರಬಹುದೆಂದು ಅದೇ ಗಯಾ ದತ್ತಾಂಶ ಹೇಳಿತ್ತು, ಮರುವರ್ಷ ಅದು ಸಂಸ್ಕರಣೆಯ ತಂತ್ರಾಂಶದ ದೋಷವೆಂದು ತಂಡವೇ ತಿಳಿಸಿ ಹಿಂತೆಗೆದುಕೊಂಡಿತು. ಅಷ್ಟು ದೊಡ್ಡ ತಂಡ ಹಾಗೆ ನೇರವಾಗಿ ಹಿಂತೆಗೆದುಕೊಂಡದ್ದನ್ನು ನಾನು ಗೌರವದಿಂದ ನೋಡುತ್ತೇನೆ. ಗುರುತ್ವ ಮಸೂರದಿಂದಲೂ (ಮುಂದಿನ ನಕ್ಷತ್ರದ ಗುರುತ್ವ ಹಿಂದಿನ ನಕ್ಷತ್ರದ ಬೆಳಕನ್ನು ಬಾಗಿಸಿ ಹಿಗ್ಗಿಸುವುದರಿಂದ) ಒಂದು ಗ್ರಹ ಸಿಕ್ಕಿದೆ, 2010ರಲ್ಲಿ ದಾಖಲಾದ ಘಟನೆಯೊಂದರ ನಕ್ಷತ್ರ ಶ್ವೇತ ಕುಬ್ಜವೇ ಎಂದು 2021ರಲ್ಲಿ ತೀರ್ಮಾನವಾಯಿತು. ಅಂಥ ಘಟನೆ ಮರುಕಳಿಸುವುದಿಲ್ಲವಾದ್ದರಿಂದ ಗುರಿಯಿಟ್ಟು ಹುಡುಕುವವರಿಗೆ ಅದು ಒಗ್ಗುವ ದಾರಿಯಲ್ಲ.

ಏನೂ ಸಿಗದಿದ್ದರೆ, ಏನಾದರೂ ಸಿಕ್ಕರೆ

ಬಹುಪಾಲು ಹುಡುಕಾಟಗಳಲ್ಲಿ ಗ್ರಹ ಸಿಗುವುದಿಲ್ಲ. ಸಿಗಲಿಲ್ಲ ಎಂಬುದಕ್ಕೆ ಬೆಲೆ ಬರಬೇಕಾದರೆ, ಇದ್ದಿದ್ದರೆ ಸಿಗುತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರ ಬೇಕು. ನಿಮ್ಮ ನಕ್ಷತ್ರಗಳ ಕಚ್ಚಾ ದಾಖಲೆಗಳಿಗೆ ಕೃತಕ ಕುಸಿತಗಳನ್ನು ಸೇರಿಸಿ. ಬೇರೆ ಬೇರೆ ಅವಧಿ, ಆಳ ಮತ್ತು ಉದ್ದದವು ಇರಲಿ. ಶುಚಿ ಮಾಡುವ ಹೆಜ್ಜೆಗೂ ಮೊದಲೇ ಸೇರಿಸುವುದು ಮುಖ್ಯ. ನಂತರ ಇಡೀ ಪ್ರಕ್ರಿಯೆಯನ್ನು ಮತ್ತೆ ಓಡಿಸಿ, ಎಷ್ಟು ಪಾಲು ಮರಳಿ ಸಿಕ್ಕಿತು ಎಂದು ಅವಧಿ ಮತ್ತು ಕಾಂತಿಮಾನಗಳ ಪ್ರಕಾರ ಪಟ್ಟಿ ಮಾಡಿ. ಆ ಪಟ್ಟಿಯಿದ್ದರೆ ಸಿಗದ ಗ್ರಹಗಳಿಂದಲೂ ಇಂಥ ಗ್ರಹಗಳು ಎಷ್ಟು ಅಪರೂಪ ಎಂಬ ಮಿತಿಯನ್ನು ಲೆಕ್ಕ ಹಾಕಬಹುದು, ಅದನ್ನು ಪ್ರಕಟಿಸಲೂಬಹುದು.

ಎಲ್ಲ ಪರೀಕ್ಷೆಗಳನ್ನು ದಾಟಿದ ಅಭ್ಯರ್ಥಿ ಸಿಕ್ಕರೆ ಎಕ್ಸೋಫಾಪ್ ಎಂಬ ಟೆಸ್ ಜಾಲತಾಣದಲ್ಲಿ ಸಮುದಾಯದ ಅಭ್ಯರ್ಥಿಯಾಗಿ ದಾಖಲಿಸಬಹುದು. ಅಲ್ಲಿ ಅವಧಿ, ಮೊದಲ ಸಂಕ್ರಮಣದ ಸಮಯ, ಆಳ, ಉದ್ದ ಮತ್ತು ಪ್ರತಿಯೊಂದರ ದೋಷದ ಅಂದಾಜು ಕೊಡಿ. ಬಳಸಿದ ಸೆಕ್ಟರ್‌ಗಳು ಯಾವುವು, ಕೆಳಕ್ಕೆ ಬಿದ್ದ ಬಿಂದುಗಳನ್ನು ಹೇಗೆ ಉಳಿಸಿಕೊಂಡಿರಿ, ಯಾವ ವೇಷಧಾರಿಗಳನ್ನು ಯಾವ ಆಧಾರದಿಂದ ತಳ್ಳಿಹಾಕಿದಿರಿ, ಯಾವುದನ್ನು ಇನ್ನೂ ತಳ್ಳಿಹಾಕಲಾಗಿಲ್ಲ ಎಂಬುದನ್ನು ಟಿಪ್ಪಣಿಯಲ್ಲಿ ಬರೆಯಿರಿ. ಮುಂದಿನ ಕೆಲವು ತಿಂಗಳ ಸಂಕ್ರಮಣಗಳ ಸಮಯವನ್ನೂ, ಅವು ಎಷ್ಟು ನಿಮಿಷ ಆಚೀಚೆ ಆಗಬಹುದು ಎಂಬುದನ್ನೂ ಸೇರಿಸಿ. ಬೇರೆ ದೇಶದ ದೂರದರ್ಶಕದ ಮುಂದೆ ಕುಳಿತವರು ನಿಮ್ಮ ಅಭ್ಯರ್ಥಿಗೆ ಎಷ್ಟು ಹೊತ್ತು ಕೊಡಬೇಕು ಎಂದು ತೀರ್ಮಾನಿಸುವುದು ಆ ನಿಮಿಷಗಳನ್ನು ನೋಡಿಯೇ.